ಅಧ್ಯಕ್ಷರಾದ ಅಳಿಯಂದಿರು

ಕಾಲುವೆ ಸಮಿತಿಗೆ ಅಧ್ಯಕ್ಷರು ಯಾರಾಗಬೇಕು ಎಂದು ತಮಂದ ಕೇಳಿದ್ದೇ ತಡ, ಕಪೊಲೊಮ ಊರಿಗೆ ಊರೇ ಒಂದೇ ಬಾಯಲ್ಲಿ ಲುಫೆಯೊನ ಹೆಸರು ಹೇಳಿತು. ಇಂಥ ಒಗ್ಗಟ್ಟನ್ನು ಆ ಊರು ಹಿಂದೆಂದೂ ಕಂಡಿರಲಿಲ್ಲ. ಸಾವಿನ ಮನೆಯಲ್ಲಿ ಮುದ್ದೆಯ ತಟ್ಟೆಯನ್ನು ಮೊದಲು ಯಾರ ಮುಂದೆ ಇಡಬೇಕು ಎಂದು ಸಭೆ ಕೂಡುವ ಇದೇ ಮಾವಿನ ಮರದ ಕೆಳಗೆ ವಾದ ಮಾಡಿ, ಹೆಣವನ್ನೇ ಕಾಯಿಸಿದ ಜನ ಅವರು. ಅವತ್ತು ಮಾತ್ರ ಎದುರು ಹೆಸರೊಂದು ಬರಲಿಲ್ಲ, ಅಪಸ್ವರಕ್ಕೆ ಒಂದು ಕೆಮ್ಮೂ ಇಲ್ಲ.

ತಮಂದಳಿಗೆ ಖುಷಿಯೋ ಖುಷಿ. ರಾಜಧಾನಿ ಲಿಲೊಂಗ್ವೆಯ ಒಂದು ಸಂಸ್ಥೆಯ ಹುಡುಗಿ ಅವಳು. ಕೆಂಪು ಧೂಳು ಮೆತ್ತಿದ ಮೋಟಾರುಬೈಕಿನಲ್ಲಿ ವಾರವಾರ ಬಂದು, "ನಿಮ್ಮ ಬಡತನ ಹೋಗಲಾಡಿಸೋಕೆ ನಾವ್ಯಾರು? ನಿಮ್ಮೂರು, ನಿಮ್ಮ ತೀರ್ಮಾನ, ನೀವೇ ಮುಂದಾಳುಗಳು" ಎಂದು ಹೇಳಿ ಹೇಳಿ ಗಂಟಲು ಒಣಗಿಸಿಕೊಂಡಿದ್ದಳು. ಮಳೆಗಾಲದ ಒಂದೇ ಬೆಳೆಯನ್ನು ನಂಬಿ, ಜನವರಿ ಬಂತೆಂದರೆ ತೌಡಿನ ಗಂಜಿಗೆ ಇಳಿಯುತ್ತಿದ್ದ ಊರು. ಹೊಳೆಯಿಂದ ಕಾಲುವೆ ತೆಗೆದು ಎರಡನೇ ಬೆಳೆ ಬೆಳೆಯೋಣ ಎಂದು ಊರೇ ತೀರ್ಮಾನಿಸಿತ್ತು. ಈಗ ಅಧ್ಯಕ್ಷರನ್ನೂ ಊರೇ ಆರಿಸಿತು.

"ನೋಡಿ, ಇದಕ್ಕೇ ನಾನು ಸಮುದಾಯ ಅನ್ನೋದು!" ಎಂದು ಅವಳು ಚಪ್ಪಾಳೆ ತಟ್ಟಿದಳು.

ಲುಫೆಯೊ ಹಿಂದುಗಡೆ, ಅಳಿಯಂದಿರು ಕೂರುವ ಜಾಗದಲ್ಲಿ, ಕಟ್ಟಿಹಾಕಿದ ಆಡುಗಳ ಪಕ್ಕದಲ್ಲಿ ಕೂತಿದ್ದ. ಸಭೆಯಲ್ಲಿ ಅಳಿಯಂದಿರಿಗೆ ಬೆಂಚು ಹೊರುವ ಕೆಲಸವುಂಟು, ಬಾಯಿ ಬಿಡುವ ಕೆಲಸವಿಲ್ಲ. ತನ್ನ ಹೆಸರು ಕೇಳಿ ಅವನು ಅಕ್ಕಪಕ್ಕ ನೋಡಿದ, ಆ ಹೆಸರಿನವರು ಬೇರೆ ಯಾರಾದರೂ ಬಂದಿದ್ದಾರೋ ಏನೋ ಎಂದು.

"ಏಳಿ ಅಳಿಯಂದ್ರೇ, ಮುಂದೆ ಬನ್ನಿ. ಎಷ್ಟು ದಿನಾಂತ ಆಡಿನ ಜೊತೆ ಕೂರ್ತೀರಾ?" ಎಂದ ಗೆರೆಸೊಮು. ಇವನು ಲುಫೆಯೊನ ಹೆಂಡತಿ ಎನೆಲೆಸಿಯ ಸೋದರಮಾವ. ಆ ಮನೆತನದ ಹೆಣ್ಣುಮಕ್ಕಳ ಮದುವೆ ಕೂಡಿಸುವವನೂ ಅವನೇ, ಮುರಿಸುವವನೂ ಅವನೇ. ಲುಫೆಯೊ ಮದುವೆಯಾಗಿ ಈ ಊರಿಗೆ ಬಂದು ತಲೆಕೂದಲು ನರೆಯಲು ಶುರುವಾಗಿತ್ತು. ಗೆರೆಸೊಮುವಿನ ಬಾಯಲ್ಲಿ 'ಮುಂದೆ ಬನ್ನಿ' ಎಂಬ ಮಾತನ್ನು ಅವನು ಕೇಳಿದ್ದು ಅದೇ ಮೊದಲು.

ಊರಲ್ಲಿದ್ದ ಒಂದೇ ಕುರ್ಚಿಯ ಮೇಲೆ ಕೂತಿದ್ದ ಊರ ಯಜಮಾನಿ, ಹಲ್ಲಿಲ್ಲದ ಮುದುಕಿ, ಮೂಗಿಗೆ ನಶ್ಯ ಏರಿಸಿ, "ಒಳ್ಳೇದಾಯ್ತು, ಬಾಳಾ ಒಳ್ಳೇದಾಯ್ತು" ಎಂದಳು.

ಲುಫೆಯೊ ಮನೆಗೆ ಬಂದಾಗ ಎನೆಲೆಸಿ ಮುದ್ದೆ ತಿರುವುತ್ತಿದ್ದಳು. ಗಂಡನ ಮುಖ ನೋಡಿದವಳೇ ಕೋಲು ಇನ್ನಷ್ಟು ಜೋರಾಗಿ ತಿರುವಿದಳು.

"ಹಲ್ಲು ಕಿರೀಬೇಡಿ. ಕೊಯ್ಯೋ ಕೋಳಿಗೂ ಹಿಂದಿನ ದಿನ ಒಂದು ಹಿಡಿ ಕಾಳು ಜಾಸ್ತಿ ಹಾಕ್ತಾರೆ."

"ಯಾಕೆ, ನನ್ನ ಕೈಲಿ ಆಗಲ್ವಾ?"

"ಆಗುತ್ತೆ ಅಂತಲ್ಲ ಇವ್ರು ನಿಮ್ಮನ್ನ ಆರಿಸಿದ್ದು. ಆಗದಿದ್ರೆ ಓಡಿಸೋಕೆ ನಿಮಗೊಂದು ಊರಿದೆ ಅಂತ ಆರಿಸಿದ್ದು. ಮೀನಿನ ಹೊಂಡದ ಕತೆ ಮರ್ತೇ ಹೋಯ್ತಾ?"

ಮರೆಯುವಂಥ ಕತೆಯೇನಲ್ಲ. ಕೆಲವು ವರ್ಷಗಳ ಹಿಂದೆ ಇನ್ನೊಂದು ಸಂಸ್ಥೆ ಬಂದು ಮೀನು ಸಾಕಲು ಹೊಂಡ ತೋಡಿಸಿತ್ತು. ಆಗ ಅಧ್ಯಕ್ಷನಾದವನು ಯಜಮಾನಿಯ ತಂಗಿಯ ಮಗ ಫಿಲಿಮೋನಿ. ಮೀನು ಚೆನ್ನಾಗಿಯೇ ಬೆಳೆದವು. ಅಷ್ಟರಲ್ಲಿ ಯಜಮಾನಿಯ ಅಣ್ಣ ತೀರಿಕೊಂಡ. ದೊಡ್ಡ ಸಾವು, ಸುತ್ತ ಹತ್ತೂರಿನ ನೆಂಟರು. ಮುದ್ದೆಗೆ ನಂಚಿಕೊಳ್ಳಲು ಏನಾದರೂ ಬೇಕಲ್ಲ? ಹೊಂಡ ಖಾಲಿಯಾಯಿತು. ಸಂಸ್ಥೆಯವರು ಫೋಟೋ ತೆಗೆಯಲು ಬಂದು ಬಲೆ ಬೀಸಿದರೆ ಸಿಕ್ಕಿದ್ದು ಕಪ್ಪೆಗಳು. ಅಧ್ಯಕ್ಷ ಎಲ್ಲಿ ಎಂದರು. ಅಧ್ಯಕ್ಷ ಎಲ್ಲಿಗೆ ಹೋಗುತ್ತಾನೆ? ಯಜಮಾನಿಯ ರಕ್ತ, ಮುಂದೆ ಅವಳ ಕುರ್ಚಿಯಲ್ಲಿ ಕೂರಬೇಕಾದವನು. ಇಡೀ ಮನೆತನ ಆ ಪ್ಯಾಂಟುಷರಟಿನವರ ಮುಂದೆ ತಲೆ ತಗ್ಗಿಸಿ ನಿಲ್ಲಬೇಕಾಯಿತು. ಅವತ್ತೇ ಹಿರಿಯರು ಪಾಠ ಕಲಿತರು: ಅಧ್ಯಕ್ಷ ಅನ್ನುವವನು ಹೊರಗಿನಿಂದ ಬಂದವನಾಗಿರಬೇಕು, ತಪ್ಪಾದ ದಿನ ತಪ್ಪನ್ನು ಅವನ ತಲೆಗೆ ಕಟ್ಟಿ ಅವನ ತಾಯಿಯ ಊರಿಗೆ ಸಾಗಹಾಕುವಂತಿರಬೇಕು. ಊರು ಶುದ್ಧ, ಸಂಸ್ಥೆಗೆ ಸಮಾಧಾನ. ಅಳಿಯಂದಿರು ಇರುವುದು ಮತ್ತೆ ಯಾತಕ್ಕೆ?

ಇದೆಲ್ಲ ಗೊತ್ತಿದ್ದೂ ಲುಫೆಯೊ ಒಪ್ಪಿದ್ದ. ಅವನಿಗೊಂದು ಆಸೆಯಿತ್ತು. ಹೇಳಿದರೆ ನಗುತ್ತಾರೆ ಎಂದು ಹೆಂಡತಿಯ ಹತ್ತಿರ ಬಿಟ್ಟು ಬೇರೆ ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ. ಕಾಲುವೆ ಬಂದ ಮೇಲೆ ಹೊಳೆದಂಡೆಯ ನೆಲವನ್ನು ಪಟ್ಟಿ ಪಟ್ಟಿಯಾಗಿ ಹಂಚುತ್ತಾರೆ. ಅದರಲ್ಲಿ ಒಂದು ಪಟ್ಟಿ, ಮೂಲೆಯದ್ದಾದರೂ ಸರಿ, ತನ್ನದಾಗಬೇಕು. ಅಲ್ಲಿ ಟೊಮೆಟೊ ಹಾಕಬೇಕು. ದಾರಿಯಲ್ಲಿ ಹೋಗುವವರು 'ಇದು ಲುಫೆಯೊನ ತೋಟ' ಅನ್ನಬೇಕು.

ದೊಡ್ಡ ಆಸೆ ಅಂತೇನೂ ಅನಿಸುವುದಿಲ್ಲ. ಆದರೆ ಅವನ ಲೆಕ್ಕ ನೋಡಿ. ಅವನು ಮಣ್ಣು ತುಳಿದು, ಇಟ್ಟಿಗೆ ಸುಟ್ಟು ಕಟ್ಟಿದ ಮನೆ ಹೆಂಡತಿಯದು. ಉಳುವ ಹೊಲ ಅತ್ತೆಯದು. ನೆಟ್ಟ ಮಾವಿನ ಗಿಡ ಹೆಂಡತಿಯ ತಮ್ಮಂದಿರದು. ಹುಟ್ಟಿದ ಮಕ್ಕಳು ಸೋದರಮಾವ ಗೆರೆಸೊಮುವಿನವು. ಇನ್ನು ಅವನು ಹುಟ್ಟಿದೂರು ಚಿಕೊಂಬೆಗೆ ಹೋದರೆ, ಅಲ್ಲಿ ಅವನೇ ಹಿರಿಯಣ್ಣ, ಸೋದರಳಿಯಂದಿರು ಮಂಡಿಯೂರಿ ಮಾತಾಡಿಸುತ್ತಾರೆ ನಿಜ. ಆದರೆ ಅಲ್ಲೂ ನೆಲ ತಂಗಿಯರದು. ಗಂಡಸು ಅನ್ನುವವನು ಎರಡೂರಿನಲ್ಲೂ ಇನ್ನೊಬ್ಬರ ಮಣ್ಣಿನ ಮೇಲೆ ಗುದ್ದಲಿ ಹಿಡಿದು ನಿಂತವನು. ಸ್ವಂತಕ್ಕೆ ಅಂತ ಅವನಿಗಿದ್ದದ್ದು ಆ ಗುದ್ದಲಿ, ಒಂದು ಚಾಪೆ, ಒಂದು ಸೈಕಲ್ಲು.

"ಅಧ್ಯಕ್ಷನಾದವನಿಗೆ ಒಂದು ಪಟ್ಟಿ ಕೊಡದೇ ಇರ್ತಾರೇನೆ?" ಎಂದ ಅವನು.

"ಕೊಡ್ತಾರೆ ಕೊಡ್ತಾರೆ. ಕೈ ತೊಳ್ಕೊಳ್ಳಿ, ಮುದ್ದೆ ಆರುತ್ತೆ," ಎಂದಳು ಎನೆಲೆಸಿ.

ಕೆಲಸ ಶುರುವಾಗುವ ಮೊದಲೇ ತೊಡಕು ಬಂತು. ಸಂಸ್ಥೆಯ ಇಂಜಿನಿಯರು ನಮಿಂಗ ಹೊಳೆಯ ಉದ್ದಕ್ಕೂ ನಡೆದಾಡಿ, ನೀರು ಎತ್ತಬೇಕಾದರೆ ಮೇಲುಗಡೆ ಬಂಡೆಯ ತಿರುವಿನಲ್ಲೇ ಎತ್ತಬೇಕು, ಬೇರೆ ಕಡೆ ಆಗುವುದಿಲ್ಲ ಎಂದುಬಿಟ್ಟ. ಬಂಡೆಯ ತಿರುವು ಚಿಕೊಂಬೆಯವರ ನೆಲ. ಕಪೊಲೊಮಕ್ಕೂ ಚಿಕೊಂಬೆಗೂ ಮಾತು ಬಿಟ್ಟು ಎಷ್ಟೋ ಕಾಲವಾಗಿತ್ತು. ಯಾತಕ್ಕೆ ಬಿಟ್ಟರು ಎಂಬುದು ಎರಡೂ ಕಡೆಯವರಿಗೆ ನೆನಪಿರಲಿಲ್ಲ, ಬಿಟ್ಟದ್ದು ಮಾತ್ರ ಚೆನ್ನಾಗಿ ನೆನಪಿತ್ತು.

"ಅಧ್ಯಕ್ಷರೇ, ಅದು ನಿಮ್ಮೂರೇ ಅಲ್ವಾ?" ಎಂದು ಗೆರೆಸೊಮು ನಕ್ಕ. "ಆ ಬಂಡೆ ಪಕ್ಕದ ಹೊಲ ನಿಮ್ಮ ತಂಗೀದೇ ಅಂತಲ್ಲ? ಹೋಗ್ಬನ್ನಿ ಮತ್ತೆ."

ಲುಫೆಯೊ ಸೈಕಲ್ಲು ಹತ್ತಿದ. ಚಿಕೊಂಬೆಯಲ್ಲಿ ಸೋದರಳಿಯಂದಿರು ಓಡಿ ಬಂದು ಸೈಕಲ್ಲು ಹಿಡಿದುಕೊಂಡರು. ತಂಗಿ ದೈಲೆಸಿ ಕೋಳಿ ಕೊಯ್ಯಿಸಿದಳು, ಒಳ್ಳೊಳ್ಳೆಯ ತುಂಡು ಆರಿಸಿ ಅಣ್ಣನ ಮುಂದಿಟ್ಟಳು. ಅವನು ವಿಷಯ ತೆಗೆದಾಗ ಮಾತ್ರ ಅವಳ ಮುಖ ಗಂಟಾಯಿತು.

"ಕಪೊಲೊಮದವ್ರಿಗೆ ನೀರಾ? ಅವ್ರ ಕೋಳಿ ನನ್ನ ಹೊಲಕ್ಕೆ ಬಂದ್ರೂ ಕಾಲು ಮುರೀತೀನಿ ನಾನು."

"ನನಗೆ ಅಂತ ಕೊಡು."

ದೈಲೆಸಿ ಅಣ್ಣನ ಸವೆದ ಅಂಗಿಯ ಕಾಲರನ್ನೇ ಒಂದಷ್ಟು ಹೊತ್ತು ನೋಡಿದಳು. ಆಮೇಲೆ ತನ್ನೂರಿನ ಹಿರಿಯರನ್ನು ಕರೆಸಿ, ಅವರೆದುರೇ ಹೇಳಿದಳು: "ಎಲ್ಲರೂ ಕೇಳಿಸ್ಕೊಳ್ಳಿ. ಈ ನೀರು ಕಪೊಲೊಮಕ್ಕಲ್ಲ, ನಮ್ಮಣ್ಣನಿಗೆ. ನಮ್ಮಣ್ಣನ್ನ ಅವ್ರು ಇಟ್ಕೊಂಡಿರೋ ತನಕ ಹರೀಲಿ. ಓಡಿಸಿದ್ರು ಅಂತ ಗೊತ್ತಾದ ದಿನ ನಾನೇ ಹೋಗಿ ಕಾಲುವೆ ಬಾಯಿಗೆ ಮಣ್ಣು ಹಾಕಿ ಬರ್ತೀನಿ." ಹಿರಿಯರು ಬೊಗಸೆ ಕೂಡಿಸಿ ಚಪ್ಪಾಳೆ ತಟ್ಟಿದರು. ಅಲ್ಲಿಗೆ ಮಾತು ಗಟ್ಟಿಯಾಯಿತು.

ಲುಫೆಯೊ ಕಪೊಲೊಮಕ್ಕೆ ಬಂದು "ಒಪ್ಪಿದ್ದಾರೆ" ಎಂದಷ್ಟೇ ಹೇಳಿದ. ಷರತ್ತಿನ ಸುದ್ದಿ ಎತ್ತಲಿಲ್ಲ. ಹೆಂಡತಿಯ ಊರಿನವರಿಗೆ ಬೆದರಿಕೆ ಹಾಕಿದ ಹಾಗಾಗುತ್ತದೆ ಎಂದು ಅವನಿಗೆ ನಾಚಿಕೆ. ಎನೆಲೆಸಿಗೆ ಮಾತ್ರ ಹೇಳಿದ. ಅವಳು ಆ ಮಾತನ್ನು ಸೆರಗಿನ ಗಂಟಿನಲ್ಲಿ ಕಟ್ಟಿಟ್ಟುಕೊಂಡಳು.

ಜೂನಿನ ಚಳಿ ಬಿದ್ದು ಹೊಲ ಖಾಲಿಯಾದ ಮೇಲೆ ಸಮುದಾಯ ಕಾಲುವೆ ಅಗೆಯಲು ಶುರುಮಾಡಿತು. ಸಮುದಾಯ ಎಂದರೆ ಅಳಿಯಂದಿರು. ಹೆಂಗಸರು ಕಲ್ಲು ಹೊತ್ತರು. ಮನೆತನದ ಗಂಡಸರು ನೆರಳಿನಲ್ಲಿ ಕೂತು ಜೋಳದ ಹುಳಿಗಂಜಿ ತೊಬ್ವ ಕುಡಿಯುತ್ತಾ, ಎಲ್ಲಿ ಅಗೆಯಬೇಕು, ಎಷ್ಟು ಅಗೆಯಬೇಕು, ಹೇಗೆ ಅಗೆಯಬಾರದು ಎಂದು ಹೇಳುವ ಜವಾಬ್ದಾರಿ ಹೊತ್ತರು. ತಮಂದ ಬಂದಾಗ ಮಾತ್ರ ಅವರೂ ಎದ್ದು ಗುದ್ದಲಿ ಹಿಡಿದು ಫೋಟೋಗೆ ನಿಲ್ಲುತ್ತಿದ್ದರು. ಗೆರೆಸೊಮುವಂತೂ ಪ್ರತಿ ಸಲವೂ ಬೇರೆಯವರ ಬೆವರೊರೆಸುವ ಬಟ್ಟೆ ಇಸಿದುಕೊಂಡು ಹಣೆ ಒರೆಸಿಕೊಳ್ಳುತ್ತಿದ್ದ. ಲುಫೆಯೊನ ಅಂಗೈ ಬೊಬ್ಬೆಯೆದ್ದು ಒಡೆದು ಮತ್ತೆ ಗಟ್ಟಿಯಾಯಿತು. ಬೆಳಗಿನ ಮಂಜು ಆರುವ ಮುಂಚೆ ಹೋದವನು ಕತ್ತಲಿಗೆ ಬರುತ್ತಿದ್ದ. ಉಳಿದ ಅಳಿಯಂದಿರು ಗೊಣಗಿದರೆ, "ಆಗ್ಲಿ ಬನ್ರೋ, ನಾವೂ ತಿನ್ನೋ ಅನ್ನ ತಾನೇ" ಎಂದು ಹುರಿದುಂಬಿಸುತ್ತಿದ್ದ.

ಆಗಸ್ಟಿನಲ್ಲಿ ನೀರು ಬಂತು. ಬಂಡೆಯ ತಿರುವಿನಲ್ಲಿ ಮಣ್ಣಿನ ಅಡ್ಡ ತೆಗೆದಾಗ ನೀರು ಮೊದಲು ಅನುಮಾನಿಸಿತು, ಕಸಕಡ್ಡಿಯನ್ನೆಲ್ಲ ಮುಂದೆ ತಳ್ಳಿಕೊಂಡು ನಿಧಾನಕ್ಕೆ ತೆವಳಿತು, ಆಮೇಲೆ ಜೋರಾಯಿತು. ಮಕ್ಕಳು ಅದರ ಜೊತೆಗೇ ಓಡಿದರು. ಹೆಂಗಸರು ನಾಲಿಗೆ ಹೊರಳಿಸಿ ಕೇಕೆ ಹಾಕಿದರು. ಲುಫೆಯೊ ಕಾಲುವೆಯೊಳಗೆ ಮೊಣಕಾಲುದ್ದ ನೀರಿನಲ್ಲಿ ನಿಂತು ಅತ್ತುಬಿಟ್ಟ. ಸಂತೋಷಕ್ಕೇ ಅತ್ತದ್ದು.

ಊರಿನ ಬಡತನ ಓಡಿಹೋಯಿತು ಅಂತಲ್ಲ, ಆದರೆ ಹೊಸಿಲು ದಾಟಿ ಅಂಗಳಕ್ಕೆ ಇಳಿಯಿತು. ಕಾಲುವೆಯ ಪಕ್ಕ ಸಾಸಿವೆ ಸೊಪ್ಪು, ಕುಂಬಳ, ಹಸಿ ಮೆಕ್ಕೆಜೋಳ ಎದ್ದವು. ಆ ಜನವರಿಯಲ್ಲಿ ಯಾರೂ ತೌಡು ಕೇಳಿಕೊಂಡು ಊರೂರು ತಿರುಗಲಿಲ್ಲ. ಹುಲ್ಲಿನ ಮಾಡುಗಳ ನಡುವೆ ಅಲ್ಲೊಂದು ಇಲ್ಲೊಂದು ತಗಡು ಹೊಳೆಯಿತು. ಶಾಲೆ ಬಿಟ್ಟ ಹುಡುಗಿಯರು ಮತ್ತೆ ಶಾಲೆಗೆ ಹೋದರು. ಇದೆಲ್ಲ ನಿಜ; ವ್ಯಂಗ್ಯಕ್ಕೆ ಹೇಳಿದ್ದಲ್ಲ.

ಬಿತ್ತನೆಗೆ ಮೊದಲು ಪಟ್ಟಿ ಹಂಚಿದ ದಿನ ಯಜಮಾನಿ ಕೋಲೂರಿಕೊಂಡು ಮನೆಮನೆಯ ಹೆಣ್ಣುಮಕ್ಕಳಿಗೆ ನೆಲ ತೋರಿಸಿದಳು. ಎನೆಲೆಸಿಗೂ ಒಂದು ಸಿಕ್ಕಿತು. ಎಲ್ಲ ಮುಗಿದರೂ ಲುಫೆಯೊ ಅಲ್ಲೇ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ.

"ಅಮ್ಮಾವ್ರೇ, ಆ ಮೂಲೆಯದೊಂದು ಪಟ್ಟಿ ಹಾಗೇ ಉಳಿದಿದೆ..."

"ಉಳೀಲಿ ಬಿಡಿ ಅಳಿಯಂದ್ರೇ, ನಮ್ಮ ಫಿಲಿಮೋನಿ ತಂಗಿ ಋತುವಾಗಿದಾಳೆ, ಮುಂದಕ್ಕೆ ಬೇಕಾಗುತ್ತೆ. ನೀವು ಅಧ್ಯಕ್ಷರು, ಊರಿಗೆಲ್ಲಾ ಕೊಟ್ಟು ಕೊನೇಗೆ ತಗೋಬೇಕಾದವ್ರು. ಮುಂದಿನ ವರ್ಷ ನೋಡೋಣ."

ಸಂಸ್ಥೆಯ ದೊಡ್ಡವರು ದೊಡ್ಡ ಕಾರಿನಲ್ಲಿ ನೋಡಲು ಬಂದರು. "ಇಷ್ಟೆಲ್ಲಾ ಮಾಡಿದ ಮುಂದಾಳು ಯಾರು?" ಎಂದು ಕೇಳಿದರು. ಗೆರೆಸೊಮು ಎದ್ದು ನಿಂತು, "ಒಬ್ಬರು ಅಂತ ಇಲ್ಲ ಸ್ವಾಮಿ, ನಾವೆಲ್ಲಾ" ಎಂದ. ಬಂದವರ ಕಣ್ಣು ತುಂಬಿಬಂತು. ಅವರಿಗೆ ಬೇಕಾಗಿದ್ದದ್ದೂ ಆ ಮಾತೇ. ಅಷ್ಟು ಹೊತ್ತಿಗೆ ಲುಫೆಯೊ ಅವರು ಕೂರಲೆಂದು ಶಾಲೆಯಿಂದ ಬೆಂಚು ಹೊತ್ತು ತರುತ್ತಿದ್ದ.

ಮುಂದಾಳು ಇಲ್ಲದ ಊರಿಗೆ ಅಪರಾಧಿ ಬೇಕಾಗುವ ದಿನವೂ ಬಂತು. ಕಾಲುವೆಯ ಬಾಯಿಗೆ ಗಾರೆ ಮಾಡಲೆಂದು ಸಂಸ್ಥೆ ಸಿಮೆಂಟಿನ ಚೀಲಗಳನ್ನು ಕಳಿಸಿತ್ತು. ತಪಾಸಣೆಗೆ ಬಂದ ಅಧಿಕಾರಿ ನೋಡಿದರೆ ಬಾಯಿ ಮಣ್ಣಿನದೇ, ಚೀಲಗಳ ಸುಳಿವಿಲ್ಲ. ಅವನನ್ನು ಗೆರೆಸೊಮು ಮನೆಗೆ ಕರೆದೊಯ್ದು ತನ್ನ ಹೊಸ ಜಗಲಿಯ ಮೇಲೆ ಕೂರಿಸಿದ. ಊರಿಗೆಲ್ಲ ಒಂದೇ ಒಂದು ನುಣುಪಾದ ಜಗಲಿ ಅದು, ತಣ್ಣಗೆ, ಬೂದುಬಣ್ಣಕ್ಕೆ. ಅಧಿಕಾರಿ ಅದರ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು, ತೊಬ್ವ ಕುಡಿದು, ಸಿಮೆಂಟು ಎಲ್ಲಿ ಹೋಯಿತು ಎಂದು ಕೇಳಿದ.

"ನಮಗೇನ್ ಗೊತ್ತು ಸ್ವಾಮಿ? ಅಧ್ಯಕ್ಷರನ್ನ ಕೇಳ್ಬೇಕು," ಎಂದ ಗೆರೆಸೊಮು, ಜಗಲಿಯನ್ನು ಅಂಗೈಯಲ್ಲಿ ಸವರುತ್ತಾ.

ತಪ್ಪು ಮಾಡಿದವರ ಮೇಲೆ ಊರೇ ಕ್ರಮ ಕೈಗೊಳ್ಳಬೇಕು, ಇಲ್ಲದಿದ್ದರೆ ಸಂಸ್ಥೆ ಕೈಬಿಡುತ್ತದೆ ಎಂದು ಹೇಳಿ ಅಧಿಕಾರಿ ಹೊರಟ. ತಮಂದ ಪಾಪ, "ಲುಫೆಯೊ ಅಂಥವರಲ್ಲ ಅನ್ಸುತ್ತೆ, ಆದ್ರೆ ಊರಿನ ತೀರ್ಮಾನದಲ್ಲಿ ನಾವು ತಲೆ ಹಾಕೋ ಹಾಗಿಲ್ಲ" ಎಂದು ಬೈಕು ಹತ್ತಿದಳು.

ಮರುದಿನ ಬೆಳಿಗ್ಗೆ ಗೆರೆಸೊಮು ಇಬ್ಬರು ಹಿರಿಯರನ್ನು ಕರೆದುಕೊಂಡು ಎನೆಲೆಸಿಯ ಅಂಗಳಕ್ಕೆ ಬಂದ. ಕೂರಲಿಲ್ಲ. ಗೋಡೆಗೆ ಒರಗಿಸಿದ್ದ ಗುದ್ದಲಿಯನ್ನು ತಾನೇ ತೆಗೆದು ಲುಫೆಯೊನ ಕಾಲ ಬಳಿ ಇಟ್ಟ. ಇದರ ಅರ್ಥ ಹಾಲು ಕುಡಿಯುವ ಮಗುವಿಗೂ ಗೊತ್ತು.

"ಗುದ್ದಲಿ, ಚಾಪೆ, ಸೈಕಲ್ಲು. ನಿಮ್ಮದೇನಿದೆಯೋ ಅದನ್ನೆಲ್ಲಾ ಜ್ಞಾಪಕ ಇಟ್ಟು ತಗೊಂಡೋಗಿ. ಆಮೇಲೆ ನಮ್ಮ ಕಡೆಯಿಂದ ಅನ್ಯಾಯ ಆಯ್ತು ಅನ್ನೋ ಮಾತು ಬರಬಾರ್ದು ನೋಡಿ."

"ಮಾವ, ಆ ಸಿಮೆಂಟು ಎಲ್ಲಿದೆ ಅಂತ ನಿಮಗೇ..."

"ಅಳಿಯಂದ್ರೇ, ಹೋಗೋ ಹೊತ್ತಲ್ಲಿ ಮಾತು ಬೆಳೆಸ್ಬೇಡಿ. ಊರು ತೀರ್ಮಾನ ಮಾಡಿದೆ."

ಲುಫೆಯೊ ಒಳಗೆ ಹೋಗಿ ಚಾಪೆ ಸುತ್ತಿದ. ತಾನು ಕಟ್ಟಿದ ಗೋಡೆ, ತಾನು ಏರಿಸಿದ ಮಾಡು, ಬಾಗಿಲಲ್ಲಿ ನಿಂತ ಚಿಕ್ಕ ಮಗಳು, ಯಾವುದನ್ನೂ ಸುತ್ತಿಕೊಂಡು ಹೋಗುವ ಹಾಗಿಲ್ಲ.

ಎನೆಲೆಸಿ ಒಲೆಯ ಮುಂದಿನಿಂದ ಏಳಲೂ ಇಲ್ಲ. "ಹೋಗ್ಲಿ ಬಿಡಿ ಮಾವ, ನಿಮ್ಮ ಮಾತು ಮೀರೋಕಾಗುತ್ತಾ?" ಎಂದಳು. "ಅಂದಹಾಗೆ, ನಾಳೆಯಿಂದ ಸೊಪ್ಪಿನ ಮಡಿಗೆ ನೀರು ಹೊರೋರು ಯಾರು ಅಂತ ಗೊತ್ತು ಮಾಡಿದ್ದೀರಾ?"

"ಹೊರೋದ್ಯಾಕೆ, ಕಾಲುವೆ ಇಲ್ವಾ?"

"ಕಾಲುವೆ ಎಲ್ಲೂ ಹೋಗಲ್ಲ. ನೀರು ಇವ್ರ ಹಿಂದೆ ಹೋಗುತ್ತೆ." ಆಮೇಲೆ ದೈಲೆಸಿ ತನ್ನೂರ ಹಿರಿಯರ ಮುಂದೆ ಆಡಿದ ಮಾತನ್ನು ಒಂದಕ್ಷರ ಬಿಡದೆ ಹೇಳಿದಳು.

"ಸುಳ್ಳು!" ಎಂದ ಗೆರೆಸೊಮು. ಆದರೂ ಫಿಲಿಮೋನಿಯನ್ನು ಸೈಕಲ್ಲು ಹತ್ತಿಸಿ ಬಂಡೆಯ ತಿರುವಿಗೆ ಅಟ್ಟಿದ. ಲುಫೆಯೊ ಸುತ್ತಿದ ಚಾಪೆಯ ಮೇಲೆಯೇ ಕೂತು ಕಾದ. ಎಲ್ಲರೂ ಕಾದರು. ಫಿಲಿಮೋನಿ ಏದುಸಿರು ಬಿಡುತ್ತಾ ವಾಪಸು ಬಂದ.

"ಆ ಹೆಂಗಸು ಕಾಲುವೆ ಬಾಯಲ್ಲೇ ಕೂತಿದಾಳೆ ಮಾವ! ಮಕ್ಕಳು, ಗುದ್ದಲಿ, ಮಣ್ಣಿನ ರಾಶಿ, ಎಲ್ಲಾ ತಯಾರು. ಸುದ್ದಿ ಆಗ್ಲೇ ಮುಟ್ಟಿದೆ. ನನ್ನ ನೋಡಿ 'ಏನಪ್ಪ, ನಮ್ಮಣ್ಣ ಹೊರಟ್ರಾ' ಅಂತ ಕೇಳಿದ್ಲು."

ಗೆರೆಸೊಮು ಬಗ್ಗಿ ಗುದ್ದಲಿ ಎತ್ತಿ ಮತ್ತೆ ಗೋಡೆಗೆ ಒರಗಿಸಿದ. ಚಾಪೆಯನ್ನೂ ಅವನೇ ಬಿಚ್ಚಿ ಹಾಸಿದ. "ಈಗಿನ ಕಾಲದ ಅಳಿಯಂದಿರಿಗೆ ತಮಾಷೆ ಅಂದ್ರೂ ಗೊತ್ತಾಗಲ್ಲ ನೋಡಿ," ಎಂದು ಜೊತೆಗೆ ಬಂದವರ ಕಡೆ ತಿರುಗಿ ನಕ್ಕ. ಸಂಸ್ಥೆಗೆ, ಸಿಮೆಂಟು ಮಳೆ ನೀರು ಬಿದ್ದು ಗಟ್ಟಿಯಾಗಿಬಿಟ್ಟಿತು ಎಂದು ಊರು ಹೇಳಿ ಕಳಿಸಿತು. ಗಟ್ಟಿಯಾದದ್ದಂತೂ ನಿಜ, ಸುಳ್ಳು ಹೇಳಿದರು ಅನ್ನುವಂತಿಲ್ಲ.

ಅವತ್ತಿನಿಂದ ಲುಫೆಯೊನ ದೆಸೆ ತಿರುಗಿತು. ಸಭೆಯಲ್ಲಿ ಮುಂದಿನ ಬೆಂಚು ಅವನಿಗೆ. ಒಂದು ಸಲ ಕೆಮ್ಮಿದರೆ ಗೆರೆಸೊಮುವಿನ ಮನೆಯಿಂದ ಜೇನುತುಪ್ಪ ಬರುತ್ತಿತ್ತು. ಮಾಡು ಹತ್ತಲು ಹೋದರೆ "ಬಿದ್ದುಗಿದ್ದೀರಿ ಭಾವ, ಇಳೀರಿ" ಎಂದು ಹೆಂಡತಿಯ ತಮ್ಮಂದಿರು ಇಳಿಸುತ್ತಿದ್ದರು. ಇಷ್ಟು ವರ್ಷ ಅವನು ಮಲೇರಿಯದಲ್ಲಿ ನಡುಗುತ್ತಲೇ ಹೊಲ ಉತ್ತಿದ್ದನ್ನು ಕಂಡೂ ಕಾಣದವರು ಅವರು. ಮೊದಮೊದಲು ಲುಫೆಯೊ ಇದೆಲ್ಲ ಪ್ರೀತಿಯೇ ಎಂದು ನಂಬಿದ. ಮನುಷ್ಯನಿಗೆ ನಂಬಿಕೊಳ್ಳಲು ಏನಾದರೂ ಬೇಕಲ್ಲ.

ಆ ಮಳೆಗಾಲದ ಕೊನೆಯಲ್ಲಿ ಅವನಿಗೆ ಜ್ವರ ಬಂತು, ಈ ಸಲ ಜೋರಾಗಿಯೇ ಬಂತು. ಆಸ್ಪತ್ರೆಗೆ ಊರಿನ ಗಂಡಸರೇ ಎತ್ತಿನ ಗಾಡಿಯಲ್ಲಿ ಕರೆದೊಯ್ದರು, ನೆರಳಿಗೆ ಕೊಡೆ ಹಿಡಿದರು. ವಾಸಿಯಾಗಿ ಬಂದ. ಆದರೆ ಅವನು ಮಲಗಿದ್ದಾಗ ಯಜಮಾನಿಗೆ ಒಂದು ಯೋಚನೆ ಹತ್ತಿತ್ತು. ಅಳಿಯ ಸತ್ತರೆ ಅವನ ಹೆಣವನ್ನು ಅವನ ತಾಯಿಯ ಊರಿನವರು ಬಂದು ಒಯ್ಯುತ್ತಾರೆ. ಕಪೊಲೊಮದ ಮಸಣದ ತೋಪಿನಲ್ಲಿ ಇದುವರೆಗೆ ಒಬ್ಬ ಅಳಿಯನೂ ಮಲಗಿಲ್ಲ. ಹೆಣ ಚಿಕೊಂಬೆಗೆ ಹೋಯಿತೆಂದರೆ ಅದರ ಹಿಂದೆಯೇ ನೀರೂ ಹೋಗುತ್ತದೆ.

ಹಾಗಾಗಿ ಎಷ್ಟೋ ಕಾಲದ ಮೇಲೆ ಎರಡೂರಿನ ಹಿರಿಯರು ಮಾವಿನ ಮರದ ಕೆಳಗೆ ಒಟ್ಟಿಗೆ ಕೂತರು. ಲುಫೆಯೊನೂ ಮುಂದಿನ ಬೆಂಚಿನಲ್ಲಿ, ಹೊದ್ದುಕೊಂಡು ಕೂತಿದ್ದ.

"ಇವ್ರನ್ನ ಇಲ್ಲೇ ಮಣ್ಣು ಮಾಡ್ತೀವಿ," ಎಂದ ಗೆರೆಸೊಮು. "ನಮ್ಮ ಕಣ್ಮಣಿ ಇವ್ರು. ಬಿಟ್ಟಿರೋಕಾಗಲ್ಲ."

"ಮೊನ್ನೆ ಗುದ್ದಲಿ ಕೈಗೆ ಕೊಟ್ರಲ್ಲ, ಆಗ ಯಾವ ಕಣ್ಣಲ್ಲಿದ್ರು?" ಎಂದು ದೈಲೆಸಿ ಎಗರಿದಳು. "ನಮ್ಮಣ್ಣನ ಹೆಣ ನಮ್ಮದು!"

"ಹೊಲ ಉತ್ತಿದ್ದು ಇಲ್ಲಿ, ಬೆವರು ಸುರಿಸಿದ್ದು ಇಲ್ಲಿ, ಹೆಣ ಮಾತ್ರ ನಿಮಗಾ?"

"ಹೆತ್ತೋರು ನಾವು!"

"ಸಾಕಿದ್ದು ನಾವು!"

ಸಾಕಿದ್ದು ಎಂಬ ಮಾತಿಗೆ ಲುಫೆಯೊ ತಲೆಯೆತ್ತಿದ. ಮಾತು ಬೆಳೆಯಿತು. ಹೆಣ ತೊಳೆಯುವವರು ಯಾರು, ಪೆಟ್ಟಿಗೆ ಮಾಡಿಸುವವರು ಯಾರು, ಸಾವಿನ ಊಟಕ್ಕೆ ಆಡು ಯಾರದು ಎಂಬಲ್ಲಿಗೂ ಹೋಯಿತು. ಬಿಸಿಲು ಬೆಂಚಿನ ಮೇಲೆ ಬಿತ್ತು. ಲುಫೆಯೊ ಸ್ವಲ್ಪ ಸರಿದು ಕೂತ. ಕೊನೆಗೆ ಚಿಕೊಂಬೆಯ ಹಿರಿಯನೊಬ್ಬ ದಾರಿ ತೋರಿಸಿದ: ತಮ್ಮ ಮನೆಯ ಹಿರಿಯ ಮಲಗಿರುವ ಊರಿಗೆ ನೀರು ನಿಲ್ಲಿಸುವ ಮುಖ ಯಾರಿಗೂ ಇರುವುದಿಲ್ಲ, ಅವನು ಇಲ್ಲೇ ಮಲಗಲಿ, ನೀರು ಶಾಶ್ವತವಾಗಿ ಹರಿಯಲಿ, ಬದಲಿಗೆ ಪ್ರತಿ ಸುಗ್ಗಿಯಲ್ಲೂ ದೈಲೆಸಿಯ ಮನೆಗೆ ಹಸಿ ಜೋಳ ಹೋಗಲಿ.

ದೈಲೆಸಿ ಕಣ್ಣೊರೆಸಿಕೊಂಡು, "ಅಣ್ಣಾ, ನೀನೇನಂತೀಯೋ?" ಎಂದಳು.

ಲುಫೆಯೊ ಬಾಯಿ ತೆರೆದ. "ಅವ್ರೇನಂತಾರೆ, ಒಪ್ಪಿದ್ದಾರೆ!" ಎಂದ ಗೆರೆಸೊಮು. ಎರಡೂರಿನವರೂ ಚಪ್ಪಾಳೆ ತಟ್ಟಿದರು.

ಮಾತು ಬಿಸಿಯಾಗಿರುವಾಗಲೇ ಮುಗಿಸಿಬಿಡೋಣ ಎಂದು ಯಜಮಾನಿ ಎಲ್ಲರನ್ನೂ ಮಸಣದ ತೋಪಿಗೆ ಕರೆದುಕೊಂಡು ಹೋದಳು. ಕೊಡಲಿ ತಾಗದ ದೊಡ್ಡ ಮರಗಳ ತಂಪಿನಲ್ಲಿ, ತನ್ನ ಅಣ್ಣನ ಗೋರಿಯಿಂದ ಸ್ವಲ್ಪ ಈಚೆಗೆ, ಕೋಲಿನಲ್ಲಿ ನೆಲ ಗೀರಿದಳು. ಉದ್ದಕ್ಕೆ ಒಂದು ಗೆರೆ, ಅಗಲಕ್ಕೆ ಒಂದು. ಒಳ್ಳೆಯ ಕಪ್ಪು ಮಣ್ಣು.

"ಅಳಿಯಂದ್ರೇ, ಇದು ನಿಮ್ಮದು. ಎನೆಲೆಸೀದಲ್ಲ, ನಿಮ್ಮದೇ. ಇದನ್ನ ನಿಮ್ಮಿಂದ ಕಿತ್ಕೊಳ್ಳೋ ಹಕ್ಕು ನನಗೂ ಇಲ್ಲ."

ಎಲ್ಲರೂ ಅವನನ್ನೇ ನೋಡಿದರು. ಕೊಟ್ಟದ್ದಕ್ಕೆ ಕೃತಜ್ಞತೆ ಹೇಳಬೇಕಲ್ಲ. ಲುಫೆಯೊ ಮಂಡಿಯೂರಿದ, ಬೊಗಸೆ ಕೂಡಿಸಿ ಮೆಲ್ಲಗೆ ಚಪ್ಪಾಳೆ ತಟ್ಟಿದ. ಒಂದು ಚಿಟಿಕೆ ಮಣ್ಣು ತೆಗೆದು ಬೆರಳಲ್ಲಿ ಉಜ್ಜಿ ನೋಡಿದ, ರೈತನ ಚಾಳಿ. ಆಮೇಲೆ, ಜ್ವರದಿಂದ ಎದ್ದವನ ಸಣ್ಣ ದನಿಯಲ್ಲಿ ಹೇಳಿದ:

"ತುಂಬಾ ದೊಡ್ಡದಾಯ್ತು ಅಮ್ಮಾವ್ರೇ. ಇದಕ್ಕೆ ಬರೋ ತನಕ ಇನ್ನೊಂದಿಷ್ಟು ವರ್ಷ ಇರ್ತೀನಿ ಅನ್ಸುತ್ತೆ. ಅಲ್ಲೀವರ್ಗೂ ಕಾಲುವೆ ಪಕ್ಕ, ಇಷ್ಟೇ ಉದ್ದ ಇಷ್ಟೇ ಅಗಲದ್ದು, ಒಂದು ಕೊಟ್ಟಿದ್ರೆ..."

ಯಜಮಾನಿಗೆ ಸಿಟ್ಟೇನೂ ಬರಲಿಲ್ಲ. ನಿಜಕ್ಕೂ ಅರ್ಥವಾಗದೆ, ಬಗ್ಗಿ ಅವನ ಮುಖವನ್ನೇ ನೋಡಿದಳು.

"ಅಯ್ಯೋ, ಇದೆಂಥ ಮಾತಪ್ಪ? ಬದುಕಿರೋ ಅಳಿಯನಿಗೆ ನಾವು ಯಾವತ್ತಾದ್ರೂ ನೆಲ ಕೊಟ್ಟಿದ್ದುಂಟಾ?" ಎಂದಳು.